ದೀಪಾವಳಿಯ ಕಾಗದದ ಕೆಲಸದಿಂದ ಮಕ್ಕಳಿಗೆ ಸಮಮಿತಿ ಕಲಿಸುವುದು ಹೇಗೆ?

ದೀಪಾವಳಿಯ ರಜೆ ಹತ್ತಿರವಾದಂತೆ ಪೋಷಕರೂ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ: 5ರಿಂದ 8 ವರ್ಷದ ಮಕ್ಕಳಿಗೆ ಹಬ್ಬದ ಕರಕುಶಲ ಕೆಲಸದ ಮೂಲಕ ಸಮಮಿತಿಯನ್ನು ಕಲಿಸಬಹುದೇ, ಕಲಿಸುವುದಾದರೆ ಎಲ್ಲಿಂದ ಆರಂಭಿಸಬೇಕು? ಕಾಗದವನ್ನು ಮಡಚಿ, ಕತ್ತರಿಸಿ, ಬಿಚ್ಚಿದರೆ ಸುಂದರವಾದ ಹೂವು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹೂವು ಚೆನ್ನಾಗಿ ಬಂದ ಮಾತ್ರಕ್ಕೆ ಮಗು ಸಮಮಿತಿಯನ್ನು ಅರಿತುಕೊಂಡಿದೆ ಎಂದು ಹೇಳಲಾಗದು. ಬಹಳ ಸಲ ಅದು ಕತ್ತರಿ ಹಿಡಿಯುವುದನ್ನಷ್ಟೇ ಕಲಿತಿರುತ್ತದೆ. ಮಡಚಿದ ಕಾಗದವನ್ನು ಬಿಚ್ಚುವ ಮೊದಲು ಒಳಗೆ ಏನು ಬಂದಿರಬಹುದೆಂದು ಮಗು ಊಹಿಸಬೇಕು, ಬಿಚ್ಚಿದ ಮೇಲೆ ತನ್ನ ಊಹೆಯನ್ನು ತಾನೇ ಪರೀಕ್ಷಿಸಬೇಕು. ಈ ಲೇಖನದಲ್ಲಿರುವ ಎಲ್ಲ ಹಂತಗಳೂ ಈ ಒಂದು ಅಭ್ಯಾಸವನ್ನು ಆಧರಿಸಿವೆ.

ಮೊದಲು ಎರಡು ಪದಗಳು

ಒಂದು ಆಕೃತಿಯನ್ನು ಯಾವುದೋ ಒಂದು ಗೆರೆಯ ಮೇಲೆ ಮಡಚಿದಾಗ ಅದರ ಒಂದು ಭಾಗವು ಇನ್ನೊಂದರ ಮೇಲೆ ಅಂಚಿಗೆ ಅಂಚು ಸೇರಿ ಕುಳಿತರೆ ಆ ಆಕೃತಿಗೆ ಸಮಮಿತಿ ಇದೆ ಎನ್ನುತ್ತೇವೆ. ಮಡಚಿದ ಆ ಗೆರೆಯೇ ಸಮಮಿತಿ ರೇಖೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಮಮಿತಿ ಅಕ್ಷ ಎಂಬ ಹೆಸರೂ ಬಳಕೆಯಲ್ಲಿದೆ. ಒಂದು ಆಕೃತಿಗೆ ಇಂತಹ ಗೆರೆ ಒಂದೇ ಇರಬಹುದು, ಹಲವು ಇರಬಹುದು, ಒಂದೂ ಇಲ್ಲದಿರಬಹುದು.

ಚಿಕ್ಕ ಮಕ್ಕಳೊಂದಿಗೆ ಈ ಪದಗಳನ್ನು ಮೊದಲ ದಿನವೇ ಬಳಸಬೇಕಾದ ಅಗತ್ಯವಿಲ್ಲ. “ಮಡಿಕೆ ಗೆರೆ” ಎನ್ನಿ, “ಎರಡೂ ಕಡೆ ಕೂಡಿ ಕುಳಿತಿತೇ ನೋಡು” ಎನ್ನಿ. ಕೈಯಲ್ಲಿ ನಾಲ್ಕಾರು ಆಕೃತಿಗಳು ಸಿದ್ಧವಾದ ಮೇಲೆ, ಇಂತಹ ಮಡಿಕೆ ಗೆರೆಗೆ ಗಣಿತದಲ್ಲಿ ಒಂದು ಹೆಸರಿದೆ ಎಂದು ತಿಳಿಸಿದರೆ ಮಗು ಅದನ್ನು ಸಂತೋಷದಿಂದ ಎತ್ತಿಕೊಳ್ಳುತ್ತದೆ. ವ್ಯಾಖ್ಯಾನವನ್ನು ಬಾಯಿಪಾಠ ಮಾಡಿಸುವುದು ಈ ವಯಸ್ಸಿನಲ್ಲಿ ನಿಷ್ಪ್ರಯೋಜಕ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಕಾಗುವ ಸಾಮಗ್ರಿಗಳು

ಗಾಳಿಪಟ ಮಾಡಲು ಬಳಸುವ ತೆಳುವಾದ ಬಣ್ಣದ ಕಾಗದ ಈ ಕೆಲಸಕ್ಕೆ ಅತ್ಯುತ್ತಮ. ಅಭ್ಯಾಸಕ್ಕೆ ಹಳೆಯ ದಿನಪತ್ರಿಕೆ ಸಾಕು. ಝೆರಾಕ್ಸ್ ಕಾಗದವನ್ನು ಒಂದು ಅಥವಾ ಎರಡು ಮಡಿಕೆಯ ಕೆಲಸಕ್ಕೆ ಬಳಸಬಹುದು. ಮೂರನೆಯ ಮಡಿಕೆಯಲ್ಲಿ ಅದು 8 ಪದರವಾಗುವುದರಿಂದ ಮಕ್ಕಳ ಕತ್ತರಿ ಅದನ್ನು ಕಚ್ಚುವುದಿಲ್ಲ. ಹೊಳೆಯುವ ಮಿನುಗು ಕಾಗದವನ್ನು ದಯವಿಟ್ಟು ಬದಿಗಿಡಿ, ಏಕೆಂದರೆ ಅದರಲ್ಲಿ ಮಡಿಕೆ ಸರಿಯಾಗಿ ನಿಲ್ಲುವುದಿಲ್ಲ.

ಇದರ ಜೊತೆಗೆ ಮೊನೆ ದುಂಡಾಗಿರುವ ಕತ್ತರಿ, ಪೆನ್ಸಿಲ್, ಅಳತೆಪಟ್ಟಿ, ವೃತ್ತ ಎಳೆಯಲು ಒಂದು ಬಟ್ಟಲು, ಅಂಚಿಗೆ ಟೇಪು ಸುತ್ತಿದ ಒಂದು ಚಿಕ್ಕ ಕನ್ನಡಿ, ಅಂಟು ಮತ್ತು ಒಂದು ಮಣ್ಣಿನ ಹಣತೆ ಇರಲಿ. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಕಾಯಿಸಿ ಮಾಡಿದ ಅಂಟು ತೆಳು ಕಾಗದಕ್ಕೆ ಚೆನ್ನಾಗಿ ಹೊಂದುತ್ತದೆ. ಮಗು ಎಡಗೈಯಲ್ಲಿ ಕೆಲಸ ಮಾಡುವುದಾದರೆ ಎಡಗೈಯವರಿಗೆಂದೇ ಮಾಡಿದ ಕತ್ತರಿ ತರಿಸಿಕೊಳ್ಳಿ. ಸಾಮಾನ್ಯ ಕತ್ತರಿಯಲ್ಲಿ ಅಂತಹ ಮಕ್ಕಳಿಗೆ ಕತ್ತರಿಸುವ ಗೆರೆಯೇ ಕಾಣದೆ ಹೋಗುತ್ತದೆ, ನಾವು ಅದನ್ನು ಮಗುವಿನ ಅಜಾಗರೂಕತೆ ಎಂದು ತಪ್ಪಾಗಿ ತಿಳಿಯುತ್ತೇವೆ.

ಎಲ್ಲ ಹಂತಗಳನ್ನು ಒಂದೇ ದಿನ ಮುಗಿಸಲು ಹೋಗಬೇಡಿ. ನೀರು ತುಂಬುವ ಹಬ್ಬಕ್ಕೆ ಒಂದು ವಾರ ಮೊದಲು ಆರಂಭಿಸಿ ದಿನಕ್ಕೊಂದು ಹಂತ ಮಾಡಿದರೆ ಬಲಿಪಾಡ್ಯಮಿಯ ಹೊತ್ತಿಗೆ ಆಕಾಶಬುಟ್ಟಿ ಸಿದ್ಧವಾಗಿ ತೂಗುತ್ತಿರುತ್ತದೆ. 5 ವರ್ಷದ ಮಗುವಿಗೆ 1, 3 ಮತ್ತು 4ನೇ ಹಂತಗಳು ಸಾಕು. 7ನೇ ಹಂತವನ್ನು 8 ವರ್ಷ ತುಂಬಿದವರಿಗೆ ಉಳಿಸಿಕೊಳ್ಳಿ.

ಹಂತ 1: ಹಣತೆಯನ್ನು ನೋಡುವುದು

ಕತ್ತರಿ ಹಿಡಿಯುವ ಮೊದಲು ಮಣ್ಣಿನ ಹಣತೆಯನ್ನು ಮಗುವಿನ ಕೈಗೆ ಕೊಡಿ. ಬತ್ತಿ ಇಡುವ ಮೂತಿಯನ್ನು ಕುಂಬಾರರು ಒಂದು ಕಡೆಗೆ ಚಿವುಟಿ ಎಳೆದಿರುತ್ತಾರಲ್ಲವೇ? ಆ ಮೂತಿಯಿಂದಾಗಿ ಹಣತೆಯು ಒಂದೊಂದು ಕಡೆಯಿಂದ ಒಂದೊಂದು ರೀತಿ ಕಾಣುತ್ತದೆ. ಮೇಲಿನಿಂದ ನೋಡಿದಾಗ ಮೂತಿಯ ನಡುವಿನಿಂದ ಹಿಂಬದಿಯವರೆಗೆ ಒಂದು ಗೆರೆಯನ್ನು ಕಲ್ಪಿಸಿಕೊಂಡರೆ ಎರಡೂ ಬದಿ ಒಂದೇ ತೆರನಾಗಿರುತ್ತವೆ. ಮೂತಿಯನ್ನು ನಮ್ಮ ಕಡೆಗೆ ತಿರುಗಿಸಿ ಎದುರಿನಿಂದ ನೋಡಿದರೂ ಹಾಗೆಯೇ ಕಾಣುತ್ತದೆ. ಆದರೆ ಪಕ್ಕದಿಂದ ನೋಡಿದಾಗ ಮೂತಿ ಒಂದು ಕಡೆ ಮಾತ್ರ ಚಾಚಿರುವುದರಿಂದ ಯಾವ ಗೆರೆಯೂ ಸಿಗುವುದಿಲ್ಲ.

ಮಗು ಈ ಮೂರನ್ನೂ ನೋಡಿ, ತನಗೆ ತಿಳಿದಂತೆ ಮೂರು ಚಿತ್ರಗಳನ್ನು ಬರೆಯಲಿ. ಚಿತ್ರ ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ. ಯಾವ ಚಿತ್ರವನ್ನು ನಡುವೆ ಮಡಚಿದರೆ ಎರಡೂ ಬದಿ ಕೂಡಿ ಕುಳಿತುಕೊಳ್ಳಬಹುದು ಎಂದು ಕೇಳಿ, ಮಡಚಿ ಬೆಳಕಿಗೆ ಹಿಡಿದು ನೋಡಲು ಹೇಳಿ. ಕೈಯಿಂದ ಮಾಡಿದ ವಸ್ತುವಿನಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬಹುದು. ಗಣಿತದ ಆಕೃತಿಗೂ ಮಣ್ಣಿನ ವಸ್ತುವಿಗೂ ಇರುವ ಅಂತರವನ್ನು ಮಕ್ಕಳು ನಾವು ಎಣಿಸಿದ್ದಕ್ಕಿಂತ ಬೇಗ ಗ್ರಹಿಸುತ್ತಾರೆ.

ಹಂತ 2: ಚೌಕ ಮತ್ತು ಆಯತವನ್ನು ಮಡಚುವುದು

ಈ ಹಂತವನ್ನು ಹೆಚ್ಚಿನವರು ಬಿಟ್ಟು ನೇರವಾಗಿ ಹೂವಿಗೆ ಹೋಗುತ್ತಾರೆ. ಬಿಡಬಾರದು ಎಂಬುದಕ್ಕೆ ಒಂದು ಬಲವಾದ ಕಾರಣವಿದೆ.

ಎ4 ಅಳತೆಯ ಹಾಳೆಯಿಂದ 21 ಸೆಂಟಿಮೀಟರ್ ಬದಿಯ ಒಂದು ಚೌಕವನ್ನು ಕತ್ತರಿಸಿಕೊಳ್ಳಿ. ಇನ್ನೊಂದು ಹಾಳೆಯನ್ನು ಹಾಗೆಯೇ ಆಯತವಾಗಿ ಇಟ್ಟುಕೊಳ್ಳಿ. ಚೌಕವನ್ನು ಎಷ್ಟು ರೀತಿಯಲ್ಲಿ ಮಡಚಿದರೆ ಅಂಚಿಗೆ ಅಂಚು ಸೇರುತ್ತದೆ ಎಂದು ಮಗು ಹುಡುಕಲಿ. ಎದುರುಬದುರು ಬದಿಗಳನ್ನು ಸೇರಿಸಿದಾಗ 2, ಎದುರು ಮೂಲೆಗಳನ್ನು ಸೇರಿಸಿದಾಗ 2, ಹೀಗೆ ಒಟ್ಟು 4 ಗೆರೆಗಳು ಸಿಗುತ್ತವೆ. ಆಮೇಲೆ ಆಯತವನ್ನು ಕೊಟ್ಟು ಅದೇ ಪ್ರಶ್ನೆಯನ್ನು ಕೇಳಿ. ಬಹುತೇಕ ಮಕ್ಕಳು, ಕೆಲವು ದೊಡ್ಡವರು ಕೂಡ, ಆಯತಕ್ಕೂ 4 ಎನ್ನುತ್ತಾರೆ. ಒಂದು ಮೂಲೆಯಿಂದ ಎದುರಿನ ಮೂಲೆಗೆ ಎಳೆದ ಗೆರೆಯು ಆಯತವನ್ನು ಎರಡು ಸಮಪಾಲು ಮಾಡುತ್ತದೆ ಎಂಬುದು ನಿಜ. ಆದರೆ ಆ ಗೆರೆಯ ಮೇಲೆ ಮಡಚಿ ನೋಡಿದರೆ ಮೂಲೆಗಳು ಒಂದರ ಮೇಲೊಂದು ಕೂರದೆ ಹೊರಕ್ಕೆ ಚಾಚುತ್ತವೆ. ಆಯತಕ್ಕಿರುವುದು 2 ಗೆರೆಗಳು ಮಾತ್ರ.

ಸಮನಾದ ಎರಡು ಪಾಲು ಆದರೆ ಸಾಕು, ಅದೇ ಸಮಮಿತಿ ಎಂಬ ತಪ್ಪು ತಿಳಿವಳಿಕೆ ಒಮ್ಮೆ ಬೇರೂರಿದರೆ ಮೇಲಿನ ತರಗತಿಗಳಲ್ಲಿ ಸಮಾಂತರ ಚತುರ್ಭುಜದಂತಹ ಆಕೃತಿಗಳು ಬಂದಾಗ ಮತ್ತೆ ಮತ್ತೆ ತೊಡಕಾಗುತ್ತದೆ. ಆದುದರಿಂದ “ಇಲ್ಲ, ತಪ್ಪು” ಎಂದು ಬಾಯಿಮಾತಿನಲ್ಲಿ ತಿದ್ದಬೇಡಿ. ಮಗುವೇ ಮಡಚಿ, ಚಾಚಿದ ಮೂಲೆಗಳನ್ನು ತನ್ನ ಕಣ್ಣಿನಿಂದ ನೋಡಲಿ.

ಹಂತ 3: ಅರ್ಧ ಬರೆದು ಪೂರ್ಣ ಹಣತೆ ಪಡೆಯುವುದು

ಈ ಚಟುವಟಿಕೆಯ ಹೃದಯಭಾಗ ಇದು. ಆದ್ದರಿಂದ ಇದಕ್ಕೆ ಸಾಕಷ್ಟು ಸಮಯ ಕೊಡಿ.

ಸುಮಾರು 15 ಸೆಂಟಿಮೀಟರ್ ಬದಿಯ ಬಣ್ಣದ ಕಾಗದವನ್ನು ನಡುವಿಗೆ ಮಡಚಿ, ಮಡಿಕೆಯನ್ನು ಉಗುರಿನಿಂದ ಉಜ್ಜಿ ಗಟ್ಟಿ ಮಾಡಿ. ಈಗ ಕಾಗದಕ್ಕೆ ಒಂದು ಬದಿಯಲ್ಲಿ ಮಡಿಕೆಯ ಅಂಚು, ಎದುರು ಬದಿಯಲ್ಲಿ ಬಿಡಿ ಅಂಚು ಇರುತ್ತದೆ. ಬಲಗೈಯಲ್ಲಿ ಕತ್ತರಿ ಹಿಡಿಯುವ ಮಗುವಿಗೆ ಮಡಿಕೆಯ ಅಂಚು ಎಡಕ್ಕೆ ಬರುವಂತೆ, ಎಡಗೈಯಲ್ಲಿ ಹಿಡಿಯುವ ಮಗುವಿಗೆ ಬಲಕ್ಕೆ ಬರುವಂತೆ ಇಡಿ. ಆಗ ಮಗು ಖಾಲಿ ಕೈಯಿಂದ ಮಡಿಕೆಯನ್ನು ಒತ್ತಿ ಹಿಡಿದುಕೊಂಡೇ ಕತ್ತರಿಸಬಹುದು.

ನಾವು ಬರೆಯುವುದು ಎದುರಿನಿಂದ ಕಾಣುವ ಹಣತೆಯ ಅರ್ಧ ಚಿತ್ರ. ಮಡಿಕೆಯ ಮೇಲ್ತುದಿಯ ಹತ್ತಿರ ಪೆನ್ಸಿಲ್ ಇಟ್ಟು, ಹೊರಕ್ಕೆ ಉಬ್ಬಿ ಮತ್ತೆ ಮಡಿಕೆಯ ಕಡೆಗೆ ಬರುವಂತೆ ಜ್ವಾಲೆಯ ಅರ್ಧವನ್ನು ಬರೆಯಿರಿ. ಗೆರೆಯು ಮಡಿಕೆಯನ್ನು ಮುಟ್ಟುವ ಮೊದಲು, ಒಂದು ಬೆರಳಿನಷ್ಟು ಅಂತರ ಇರುವಾಗಲೇ, ಅಲ್ಲಿಂದ ಹೊರಕ್ಕೆ ತಿರುಗಿಸಿ ಹಣತೆಯ ಬಾಯಿಯ ಅಂಚನ್ನು ಎಳೆಯಿರಿ. ಬಳಿಕ ಅಲ್ಲಿಂದ ಕೆಳಕ್ಕೆ ಬಾಗಿಸಿ, ಮಡಿಕೆಯ ಕೆಳಭಾಗಕ್ಕೆ ಮುಟ್ಟಿಸಿ ನಿಲ್ಲಿಸಿ. ಆ ಒಂದು ಬೆರಳಿನ ಅಂತರವೇ ಜ್ವಾಲೆಯನ್ನು ಹಣತೆಗೆ ಜೋಡಿಸಿ ಹಿಡಿಯುವ ಕತ್ತು.

ಇನ್ನು ಕತ್ತರಿಸಬೇಕಷ್ಟೇ ಎನ್ನುವಾಗ ಮಗುವನ್ನು ತಡೆದು, ಬಿಚ್ಚಿದರೆ ಹೇಗೆ ಕಾಣಬಹುದು ಎಂಬುದನ್ನು ಇನ್ನೊಂದು ಕಾಗದದಲ್ಲಿ ಬರೆಯಲು ಹೇಳಿ. ಕತ್ತರಿಸಿದ ಮೇಲೆ ಕೂಡ ತಕ್ಷಣ ಬಿಚ್ಚಬೇಡಿ. “ಜ್ವಾಲೆ ಒಂದು ಇರುತ್ತದೆಯೇ, ಎರಡೇ?” ಎಂದು ಕೇಳಿ. ಉತ್ತರ ಬಂದ ಮೇಲೆ ಮಗುವೇ ಬಿಚ್ಚಲಿ.

ಇಲ್ಲಿ ಮೂರು ಎಡವಟ್ಟುಗಳು ಸಾಮಾನ್ಯ.

ಮೊದಲನೆಯದು, ಮಡಿಕೆಯ ಅಂಚಿನ ಬದಲು ಬಿಡಿ ಅಂಚಿನ ಮೇಲೆ ಚಿತ್ರ ಬರೆಯುವುದು. ಹೀಗೆ ಬರೆದು ಕತ್ತರಿಸಿದರೆ ಎರಡು ಬಿಡಿ ಅರ್ಧ ಹಣತೆಗಳು ಕೈಗೆ ಬರುತ್ತವೆ. ಇದನ್ನು ತಡೆಯಲು ಹಲವರು ಮಡಿಕೆಯ ಅಂಚಿಗೆ ಬಣ್ಣದ ಗುರುತು ಹಾಕಿಕೊಡುತ್ತಾರೆ. ನನ್ನ ಸಲಹೆ ಬೇರೆ. ಒಂದು ಸಲ ಹಾಗೆ ಆಗಲು ಬಿಡಿ, ಏಕೆ ಹೀಗಾಯಿತು ಎಂದು ಮಗುವನ್ನೇ ಕೇಳಿ, ಆ ಎರಡು ಅರ್ಧಗಳನ್ನು ಮೇಜಿನ ಮೇಲೆ ಜೋಡಿಸಲು ಹೇಳಿ. ಮಡಿಕೆ ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ.

ಎರಡನೆಯದು, ಕತ್ತು ತೀರ ಸಣ್ಣದಾಗಿ ಜ್ವಾಲೆ ಉದುರಿಹೋಗುವುದು. ಇದು ಗಣಿತದ ತಪ್ಪಲ್ಲ, ಕಾಗದದ ಮಿತಿ. ಮುಂದಿನ ಹಣತೆಯಲ್ಲಿ ಕತ್ತನ್ನು ಅಗಲ ಮಾಡಿದರಾಯಿತು.

ಮೂರನೆಯದು ನಮ್ಮಿಂದಲೇ ಆಗುವಂಥದ್ದು: ಹಣತೆ ಅಂದವಾಗಿ ಬರಲಿ ಎಂದು ದೊಡ್ಡವರು ಕೈ ಹಾಕಿ ಅಂಚನ್ನು ತಿದ್ದುವುದು. ಅರೆಬರೆ ಅಂಕುಡೊಂಕಾಗಿ ಕತ್ತರಿಸಿದ ಹಣತೆಯಲ್ಲಿ ಆ ಅಂಕುಡೊಂಕು ಎರಡೂ ಬದಿಯಲ್ಲಿ ಒಂದೇ ಎತ್ತರದಲ್ಲಿ, ಒಂದೇ ದೂರದಲ್ಲಿ ಕಾಣಿಸುತ್ತದೆ. “ಇಲ್ಲಿ ನಿನ್ನ ಕತ್ತರಿ ಜಾರಿದ ಗುರುತಿದೆ, ಅದರ ಜೋಡಿ ಎಲ್ಲಿದೆ ಹುಡುಕು” ಎಂದು ಕೇಳಲು ಅವಕಾಶವಾಗುವುದು ಇಂತಹ ಹಣತೆಯಲ್ಲೇ. ನುಣುಪಾದ ಹಣತೆಯಲ್ಲಿ ಹುಡುಕಲು ಏನೂ ಇರುವುದಿಲ್ಲ.

ಕೊನೆಯಲ್ಲಿ ಹಣತೆಯನ್ನು ಅಡ್ಡಲಾಗಿ, ಓರೆಯಾಗಿ, ತಲೆಕೆಳಗಾಗಿ ತಿರುಗಿಸಿ ಹಿಡಿದು, ಈಗಲೂ ಸಮಮಿತಿ ಇದೆಯೇ ಎಂದು ಕೇಳಿ. ನೆಟ್ಟಗೆ ನಿಂತ ಗೆರೆಯನ್ನು ಗುರುತಿಸುವುದು ಮಕ್ಕಳಿಗೆ ಸುಲಭ. ಯಾವಾಗಲೂ ಅದನ್ನೇ ತೋರಿಸುತ್ತಿದ್ದರೆ ಸಮಮಿತಿ ರೇಖೆ ಎಂದರೆ ಮೇಲಿನಿಂದ ಕೆಳಕ್ಕೆ ಇರುವ ಗೆರೆ ಎಂದೇ ಅವರು ತೀರ್ಮಾನಿಸಿಬಿಡುತ್ತಾರೆ.

ಬಣ್ಣದ ಬಗ್ಗೆ ಒಂದು ಮಾತು. ಹಣತೆಯ ಎಡಭಾಗಕ್ಕೆ ಕೆಂಪು, ಬಲಭಾಗಕ್ಕೆ ಹಳದಿ ಬಳಿದರೆ ಆಕಾರದ ಸಮಮಿತಿ ಉಳಿಯುತ್ತದೆ, ಬಣ್ಣದ ಸಮಮಿತಿ ಕೆಡುತ್ತದೆ. ಮಗು ಹಾಗೆ ಬಳಿದರೆ ಬೇಡವೆನ್ನಬೇಡಿ. ಯಾವುದು ಕೂಡಿತು, ಯಾವುದು ಕೂಡಲಿಲ್ಲ ಎಂದು ಬೇರ್ಪಡಿಸಿ ಹೇಳಲು ಕೇಳಿ.

ಹಂತ 4: ಕನ್ನಡಿಯಿಂದ ಪರೀಕ್ಷಿಸುವುದು

ಬಿಚ್ಚಿದ ಹಣತೆಯ ಮಡಿಕೆ ಗೆರೆಯ ಮೇಲೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ ಒಂದು ಬದಿಯಿಂದ ನೋಡಿದರೆ ಪೂರ್ಣ ಹಣತೆ ಕಾಣಿಸುತ್ತದೆ. ಕನ್ನಡಿಯನ್ನು ಗೆರೆಯಿಂದ ಸ್ವಲ್ಪ ಸರಿಸಿದರೆ ಹಣತೆ ದಪ್ಪವಾಗುತ್ತದೆ ಅಥವಾ ಸಣಕಲಾಗುತ್ತದೆ. ಇದನ್ನು ನೋಡಿ ಮಕ್ಕಳು ನಗುತ್ತಾರೆ, ನಗಲಿ. ಕನ್ನಡಿ ವಾಲಿರಬಾರದು ಎಂಬುದೊಂದೇ ಇಲ್ಲಿಯ ಎಚ್ಚರಿಕೆ.

ಎರಡನೆಯ ಹಂತದ ಆಯತವನ್ನು ಮತ್ತೆ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಹೋಗುವ ಗೆರೆಯ ಮೇಲೆ ಕನ್ನಡಿ ನಿಲ್ಲಿಸಿ. ಆಯತದ ಬದಲು ಗಾಳಿಪಟದ ಆಕಾರ ಕಾಣಿಸುತ್ತದೆ. ಆ ಗೆರೆ ಏಕೆ ಸಮಮಿತಿ ರೇಖೆಯಲ್ಲ ಎಂಬುದಕ್ಕೆ ಇದು ಎರಡನೆಯ ಸಾಕ್ಷಿ.

ಹಂತ 5: ಅಷ್ಟದಳ ಪದ್ಮ

ಲಕ್ಷ್ಮೀಪೂಜೆಯ ದಿನ ದೇವರ ಮುಂದೆ ಎಂಟು ದಳದ ಕಮಲವನ್ನು ರಂಗೋಲಿಯಲ್ಲಿ ಬರೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅದನ್ನೇ ಕಾಗದದಲ್ಲಿ ಮಾಡೋಣ.

ಬಟ್ಟಲನ್ನು ಕವುಚಿಟ್ಟು ಗಾಳಿಪಟದ ಕಾಗದದ ಮೇಲೆ ವೃತ್ತ ಎಳೆದು ಕತ್ತರಿಸಿಕೊಳ್ಳಿ. ಅದನ್ನು ಒಮ್ಮೆ ನಡುವಿಗೆ ಮಡಚಿದರೆ ಅರ್ಧವೃತ್ತ, ಮತ್ತೊಮ್ಮೆ ಮಡಚಿದರೆ ಕಾಲುವೃತ್ತ, ಮೂರನೆಯ ಸಲ ಮಡಚಿದರೆ ತೆಂಗಿನ ಬರ್ಫಿಯ ತುಂಡಿನಷ್ಟು ಅಗಲದ ಒಂದು ಚೂಪಾದ ಹೋಳು ಸಿಗುತ್ತದೆ. ಪ್ರತಿ ಮಡಿಕೆಯಲ್ಲಿ ನಿಂತು ಎರಡು ಲೆಕ್ಕ ಮಾಡಿಸಿ. ಪದರಗಳು ಕ್ರಮವಾಗಿ 2, 4, 8 ಆಗುತ್ತವೆ. ಬಿಚ್ಚಿ ನೋಡಿದರೆ ವೃತ್ತದ ನಡುವಿನಿಂದ ಹಾದುಹೋಗುವ ಮಡಿಕೆ ಗೆರೆಗಳು ಕ್ರಮವಾಗಿ 1, 2, 4 ಆಗಿರುತ್ತವೆ. ಗೆರೆ ಎಣಿಸುವಾಗ ಒಂದು ಅಂಚಿನಿಂದ ನಡುವನ್ನು ದಾಟಿ ಎದುರಿನ ಅಂಚಿನವರೆಗೆ ಹೋಗುವುದನ್ನು ಒಂದು ಗೆರೆ ಎಂದು ಎಣಿಸಬೇಕು. ನಡುವಿನವರೆಗೆ ಮಾತ್ರ ಎಣಿಸಿದರೆ 4ರ ಬದಲು 8 ಬರುತ್ತದೆ. ಬಹುಪಾಲು ಗೊಂದಲ ಹುಟ್ಟುವುದು ಇಲ್ಲಿಯೇ.

ಹೋಳಿನ ಚೂಪು ತುದಿ ವೃತ್ತದ ನಡು, ಬಾಗಿದ ಬದಿ ವೃತ್ತದ ಅಂಚು. ಬಾಗಿದ ಬದಿಯನ್ನು ಕಮಾನಿನಂತೆ, ನಡುವೆ ಎತ್ತರವಾಗಿ ಎರಡೂ ಬದಿಗೆ ಇಳಿಯುವಂತೆ ಕತ್ತರಿಸಿ. ಬಿಚ್ಚಿದಾಗ ಎಂಟು ದಳಗಳು ಅರಳುತ್ತವೆ.

ಎಂಟು ಪದರಕ್ಕೆ ಎಂಟು ದಳ ಎಂಬುದನ್ನು ಹೆಚ್ಚಿನ ಮಕ್ಕಳು ಸರಿಯಾಗಿಯೇ ಊಹಿಸುತ್ತಾರೆ. ನಿಜವಾದ ಕೆಲಸ ಇನ್ನು ಮುಂದೆ. ಕಾಗದವನ್ನು ಮತ್ತೆ ಮಡಚಿ, ಹೋಳಿನ ಒಂದು ನೇರ ಅಂಚಿನಲ್ಲಿ ಮಾತ್ರ, ಸರಿಸುಮಾರು ಮಧ್ಯದಲ್ಲಿ, ಅರ್ಧ ಎಲೆಯ ಆಕಾರವನ್ನು ಕತ್ತರಿಸಿ ತೆಗೆಯಿರಿ. ಬಿಚ್ಚುವ ಮೊದಲು ಎಷ್ಟು ತೂತುಗಳಾಗಿರಬಹುದು ಎಂದು ಕೇಳಿ. ಮಕ್ಕಳು ಮತ್ತೆ 8 ಎನ್ನುತ್ತಾರೆ. ಬಿಚ್ಚಿದರೆ ಇರುವುದು 4. ಪ್ರತಿ ಪದರದಲ್ಲೂ ಅರ್ಧ ಎಲೆ ಹೋಗಿದೆ, ಮಡಿಕೆಯ ಎರಡು ಬದಿಯ ಅರ್ಧಗಳು ಸೇರಿ ಒಂದು ಪೂರ್ಣ ಎಲೆಯಾಗಿದೆ, ಆದುದರಿಂದ 8 ಅರ್ಧಗಳಿಂದ 4 ಎಲೆಗಳಾಗಿವೆ. ಇದನ್ನು ನೀವು ಹೇಳಿಬಿಡಬೇಡಿ. ಮಗು ನಿಧಾನವಾಗಿ ಒಂದೊಂದೇ ಮಡಿಕೆ ಬಿಚ್ಚುತ್ತಾ ತಾನೇ ಕಂಡುಕೊಳ್ಳಲಿ. ಐದು ನಿಮಿಷ ಹೆಚ್ಚು ಹಿಡಿದರೂ ಆ ಮೌನವನ್ನು ಸಹಿಸಿಕೊಳ್ಳಿ. ಬಳಿಕ ಇನ್ನೊಂದು ನೇರ ಅಂಚಿನಲ್ಲೂ ಕತ್ತರಿಸಿದರೆ ಎಷ್ಟಾಗುತ್ತದೆ, ಹೋಳಿನ ಚೂಪು ತುದಿಯನ್ನು ಕತ್ತರಿಸಿದರೆ ಎಷ್ಟಾಗುತ್ತದೆ ಎಂದು ಕೇಳಿ. ಮೊದಲನೆಯದಕ್ಕೆ ಒಟ್ಟು 8, ಎರಡನೆಯದಕ್ಕೆ ನಡುವೆ ಒಂದೇ ತೂತು.

ಎಚ್ಚರಿಕೆ: ಒಂದು ನೇರ ಅಂಚಿನಿಂದ ಆರಂಭಿಸಿದ ಕತ್ತರಿ ಇನ್ನೊಂದು ನೇರ ಅಂಚನ್ನು ತಲುಪಬಾರದು. ತಲುಪಿದರೆ ಹೂವಿನ ನಡುಭಾಗ ಬೇರೆಯಾಗಿ ಹೊರಭಾಗ ಬಳೆಯಂತೆ ಉಳಿಯುತ್ತದೆ. ಎರಡೂ ಬದಿಯ ಎಲೆಗಳನ್ನು ಒಂದೇ ಎತ್ತರದಲ್ಲಿ ಬರೆಯದೆ ಮೇಲೆ ಕೆಳಗೆ ಬರೆದರೆ ಈ ಅಪಾಯ ಕಡಿಮೆ.

ಈಗ ಪದ್ಮಕ್ಕೆ ಎಷ್ಟು ಸಮಮಿತಿ ರೇಖೆಗಳಿವೆ? ಎಂಟು ದಳವಿರುವುದರಿಂದ 8 ಎಂದು ಹೇಳುವ ಮೊದಲು ಸ್ವಲ್ಪ ತಾಳಿ. ಮಡಿಕೆಯಿಂದ ಬಂದ 4 ಗೆರೆಗಳು ಖಚಿತ, ಏಕೆಂದರೆ ಅವುಗಳ ಮೇಲೆ ಮಡಚಿಯೇ ಕತ್ತರಿಸಿದ್ದೇವೆ. ಒಂದೊಂದು ದಳದ ನಟ್ಟನಡುವಿನಿಂದ ಹಾದುಹೋಗುವ ಇನ್ನೂ 4 ಗೆರೆಗಳು ಸಿಗುವುದು ಮಗು ಕತ್ತರಿಸಿದ ಕಮಾನಿನ ಎರಡು ಪಕ್ಕಗಳೂ ಒಂದೇ ತೆರನಾಗಿದ್ದರೆ ಮಾತ್ರ. ಒಂದೇ ಅಂಚಿನಲ್ಲಿ ಎಲೆ ಕತ್ತರಿಸಿದ್ದರಂತೂ ಅವು ಸಿಗುವುದೇ ಇಲ್ಲ. ಮಡಚಿ ಪರೀಕ್ಷಿಸಿದರೆ ಇದು ತಾನಾಗಿ ಗೊತ್ತಾಗುತ್ತದೆ. ಎಂಟೂ ಗೆರೆಗಳು ಖಚಿತವಾಗಿ ಬೇಕೆಂದರೆ ನಾಲ್ಕನೆಯ ಸಲ ಮಡಚಿ ಅರ್ಧ ದಳವನ್ನು ಮಾತ್ರ ಕತ್ತರಿಸಬೇಕು. ಆಗ ಪದರಗಳು 16 ಆಗುವುದರಿಂದ ಆ ಕೆಲಸವನ್ನು ದೊಡ್ಡವರೇ ಮಾಡಿಕೊಡುವುದು ಒಳ್ಳೆಯದು.

ಹಂತ 6: ಚುಕ್ಕಿ ರಂಗೋಲಿಯಲ್ಲಿ ಅರ್ಧ ತುಂಬಿಸುವುದು

ಮಡಚಲಾಗದ ನೆಲದ ಮೇಲೆ ಸಮಮಿತಿಯನ್ನು ಹೇಗೆ ಸಾಧಿಸುವುದು? ಎಣಿಕೆಯಿಂದ. ಇದಕ್ಕೆ ಚುಕ್ಕಿ ರಂಗೋಲಿ ಹೇಳಿ ಮಾಡಿಸಿದಂತಿದೆ.

ನೇರ ಚುಕ್ಕಿಯಲ್ಲಿ, ಅಂದರೆ ಚುಕ್ಕಿಯ ಕೆಳಗೆ ಚುಕ್ಕಿ ನೇರವಾಗಿ ಬರುವಂತೆ, 1, 3, 5, 3, 1 ಎಂದು ಒಟ್ಟು 13 ಚುಕ್ಕಿ ಇಡಿ. ನಡುವಿನ ಕಂಬಸಾಲನ್ನು ಸೀಮೆಸುಣ್ಣದ ಬಣ್ಣದ ಗೆರೆಯಿಂದ ಗುರುತಿಸಿ. ಎಡಭಾಗದಲ್ಲಿ ನೀವು ಒಂದು ದಳ, ಒಂದು ದೀಪದ ಅರ್ಧ, ಏನಾದರೂ ಬರೆಯಿರಿ. ಬಲಭಾಗವನ್ನು ಮಗು ತುಂಬಿಸಲಿ. ಗೆರೆಯಿಂದ ಎಡಕ್ಕೆ ಎಷ್ಟು ಚುಕ್ಕಿ ದೂರವೋ ಬಲಕ್ಕೂ ಅಷ್ಟೇ ಚುಕ್ಕಿ ದೂರ ಎಂಬುದು ನಿಯಮ.

ಇಲ್ಲಿ ಬಹಳ ಮಕ್ಕಳು ಪ್ರತಿಬಿಂಬದ ಬದಲು ನಕಲು ಮಾಡುತ್ತಾರೆ. ನೀವು ಎಡಗಡೆ ಎಡಕ್ಕೆ ವಾಲಿದ ದಳ ಬರೆದಿದ್ದರೆ ಅವರು ಬಲಗಡೆಯೂ ಎಡಕ್ಕೆ ವಾಲಿದ ದಳವನ್ನೇ ಬರೆಯುತ್ತಾರೆ. “ತಿರುಗಿಸಿ ಬರೆ” ಎಂದರೆ ಇನ್ನಷ್ಟು ಗೊಂದಲವಾಗುತ್ತದೆ. ಅದರ ಬದಲು ದಳದ ತುದಿಯ ಚುಕ್ಕಿಯೊಂದನ್ನೇ ಹಿಡಿದು, ಅದು ಗೆರೆಯಿಂದ ಎಷ್ಟನೆಯದು, ಅದರ ಜೋಡಿ ಯಾವುದು ಎಂದು ಗುರುತಿಸಿ, ಆಮೇಲೆ ಗೆರೆಗಳನ್ನು ಜೋಡಿಸಲು ಹೇಳಿ. ಕಾಗದದ ಮೇಲೆ ಬರೆದದ್ದಾದರೆ ಮಡಚಿ ಬೆಳಕಿಗೆ ಹಿಡಿದು ನೋಡಬಹುದು.

ಇದು ಸಲೀಸಾದ ಮೇಲೆ ಸಂದು ಚುಕ್ಕಿಗೆ ಹೋಗಬಹುದು. ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಕೆಳಗಿನ ಸಾಲಿನ ಚುಕ್ಕಿ ಬರುವಂತೆ 3, 4, 5, 4, 3 ಎಂದು 19 ಚುಕ್ಕಿ ಇಟ್ಟರೆ ಷಡ್ಭುಜ ಮೂಡುತ್ತದೆ. ನೇರ ಚುಕ್ಕಿಯಲ್ಲಿ ನಾಲ್ಕು ದಿಕ್ಕಿನ ಹೂವು ಸಹಜವಾಗಿ ಬಂದರೆ ಸಂದು ಚುಕ್ಕಿಯಲ್ಲಿ ಆರು ದಳದ ಹೂವು ಸಹಜವಾಗಿ ಬರುತ್ತದೆ. ಮನೆಯಲ್ಲಿ ರಂಗೋಲಿ ಬಲ್ಲ ಅಜ್ಜಿಯೋ ಅಮ್ಮನೋ ಇದ್ದರೆ ಈ ಹಂತವನ್ನು ಅವರಿಗೇ ಬಿಟ್ಟುಕೊಡಿ. ಚುಕ್ಕಿಯ ಲೆಕ್ಕ ಅವರ ಬೆರಳ ತುದಿಯಲ್ಲಿರುತ್ತದೆ.

ಹಂತ 7: ಮಡಚಿದರೆ ಕೂಡದ ಸ್ವಸ್ತಿಕ

ಹೊಸ್ತಿಲಿನ ಮುಂದೆ, ಪೂಜೆಯ ಮಣೆಯ ಮೇಲೆ ಬರೆಯುವ ಸ್ವಸ್ತಿಕವನ್ನು ಮಗುವಿಗೆ ತೋರಿಸಿ, ಇದನ್ನು ಮಡಚಿ ಕತ್ತರಿಸಿ ಮಾಡಬಹುದೇ ಎಂದು ಕೇಳಿ. ಎಷ್ಟು ಅಚ್ಚುಕಟ್ಟಾದ ಆಕೃತಿ, ಆಗಬಹುದು ಎಂದೇ ಎಲ್ಲರೂ ಹೇಳುತ್ತಾರೆ. ಆಗುವುದಿಲ್ಲ. ಕಾಗದದ ಮೇಲೆ ಬರೆದು ನೆಟ್ಟಗೆ, ಅಡ್ಡಲಾಗಿ, ಓರೆಯಾಗಿ ಹೇಗೆ ಮಡಚಿದರೂ ತೋಳುಗಳು ಎದುರು ದಿಕ್ಕಿಗೆ ತಿರುಗಿ ಕೂರುತ್ತವೆ. ಅದಕ್ಕೆ ಒಂದೂ ಸಮಮಿತಿ ರೇಖೆ ಇಲ್ಲ.

ಹಾಗಾದರೆ ಅದು ಕಣ್ಣಿಗೆ ಇಷ್ಟು ಸಮತೋಲವಾಗಿ ಕಾಣುವುದೇಕೆ? ಅದನ್ನು ತೆಳು ಕಾಗದದ ಮೇಲೆ ನಕಲು ತೆಗೆದು, ಮೂಲ ಚಿತ್ರದ ಮೇಲೆ ಇಟ್ಟು, ನಡುವನ್ನು ಪೆನ್ಸಿಲ್ ತುದಿಯಿಂದ ಒತ್ತಿಹಿಡಿದು ಮೆಲ್ಲನೆ ತಿರುಗಿಸಿ. ಕಾಲು ಸುತ್ತಿಗೆ ಒಮ್ಮೆ ಹೊಂದಿಕೊಳ್ಳುತ್ತದೆ, ಒಂದು ಪೂರ್ಣ ಸುತ್ತಿನಲ್ಲಿ 4 ಸಲ. ಹೀಗೆ ತಿರುಗಿಸಿದಾಗ ಹೊಂದುವ ಗುಣಕ್ಕೆ ಪರಿಭ್ರಮಣ ಸಮಮಿತಿ ಎನ್ನುತ್ತಾರೆ. ಪರಿಭ್ರಮಣ ಎಂದರೆ ಒಂದು ಬಿಂದುವಿನ ಸುತ್ತ ತಿರುಗುವುದು. ಪದ್ಮವನ್ನು ತಿರುಗಿಸಿದರೂ ಹೊಂದುತ್ತದೆ, ಮಡಚಿದರೂ ಹೊಂದುತ್ತದೆ. ಚುಕ್ಕಿಗಳನ್ನು ಸುತ್ತಿ ಬರುವ ಬಳ್ಳಿ ರಂಗೋಲಿಗಳಲ್ಲಿ ತಿರುಗಿಸಿದರೆ ಮಾತ್ರ ಹೊಂದುವಂಥವೂ ಇವೆ, ಅಂತಹ ಒಂದನ್ನು ಹುಡುಕಿ ತರಲು ಹೇಳಿದರೆ ದೊಡ್ಡ ಮಕ್ಕಳಿಗೆ ಒಂದು ಸಂಜೆಯ ಕೆಲಸವಾಗುತ್ತದೆ.

ಕನ್ನಡ ಅಕ್ಷರಗಳಲ್ಲಿ ಸಮಮಿತಿ ಹುಡುಕಿಸಬಹುದೇ ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ಹುಡುಕಿಸಬಹುದು, ಆದರೆ ತಲೆಕಟ್ಟು ಒಂದೇ ಕಡೆಗೆ ಚಾಚುವುದರಿಂದ ನಮ್ಮ ಅಕ್ಷರಗಳು ಬಹುಮಟ್ಟಿಗೆ ನಿರಾಶೆಗೊಳಿಸುತ್ತವೆ. ‘ಠ’ ಕೂಡ ತಲೆಕಟ್ಟಿನ ದೆಸೆಯಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತದೆ.

ಹಂತ 8: ಆಕಾಶಬುಟ್ಟಿಗೆ ಅಂಟಿಸುವುದು

ಕರಾವಳಿಯಲ್ಲಿ ಗೂಡುದೀಪ ಎಂದೂ ಉಳಿದೆಡೆ ಆಕಾಶಬುಟ್ಟಿ ಎಂದೂ ಕರೆಯುವ ತೂಗುದೀಪಕ್ಕೆ ಈ ಹಣತೆ, ಪದ್ಮಗಳನ್ನು ಅಂಟಿಸಬಹುದು. ಬಿದಿರಿನ ಕಡ್ಡಿಯ ಚೌಕಟ್ಟನ್ನು ದೊಡ್ಡವರು ಕಟ್ಟಿ, ಅದಕ್ಕೆ ತಿಳಿ ಬಣ್ಣದ ಕಾಗದ ಹೊದಿಸಿಕೊಡಿ. ಮೇಲೆ ಗಾಢ ಬಣ್ಣದ ಆಕೃತಿಗಳು ಬರಲಿ. ಒಳಗಿನ ಬೆಳಕಿನಲ್ಲಿ ತೂತುಗಳು ಹೊಳೆಯುತ್ತವೆ.

ಮಡಿಕೆಯ ಸುಕ್ಕು ಹೋಗಲೆಂದು ಆಕೃತಿಗಳನ್ನು ಒಂದು ರಾತ್ರಿ ದಪ್ಪ ಪುಸ್ತಕದ ಒಳಗೆ ಇಡಿ. ಅಂಟನ್ನು ಆಕೃತಿಗೆ ಹಚ್ಚಿದರೆ ತೆಳು ಕಾಗದ ನೆಂದು ಹರಿಯುತ್ತದೆ, ಆದುದರಿಂದ ಬುಟ್ಟಿಯ ಮೈಗೆ ಅಲ್ಲಲ್ಲಿ ಚುಕ್ಕಿಯಷ್ಟು ಹಚ್ಚಿ, ಮೇಲೆ ಆಕೃತಿಯನ್ನು ಇಟ್ಟು ಒಣ ಬಟ್ಟೆಯಿಂದ ಒತ್ತಬೇಕು. ಪ್ರತಿ ಮುಖದ ನಡುವೆ ಪೆನ್ಸಿಲಿನಿಂದ ತೆಳುವಾಗಿ ಒಂದು ಗೆರೆ ಎಳೆದುಕೊಂಡು, ಆಕೃತಿಯ ಮಡಿಕೆ ಗೆರೆಯನ್ನು ಅದಕ್ಕೆ ಹೊಂದಿಸಿ ಅಂಟಿಸಲು ಮಗುವಿಗೆ ಹೇಳಿ. ಎಡಗಡೆಯ ಮೂಲೆಗೆ ಒಂದು ಚಿಕ್ಕ ಎಲೆ ಅಂಟಿಸಿದರೆ ಬಲಗಡೆ ಎಲ್ಲಿ ಅಂಟಿಸಬೇಕು ಎಂಬುದನ್ನು ಅಳತೆಪಟ್ಟಿ ಹಿಡಿದು ಅದೇ ನಿರ್ಧರಿಸಲಿ.

ಬುಟ್ಟಿಯ ಒಳಗೆ ಎಣ್ಣೆಯ ದೀಪವನ್ನಾಗಲಿ ಮೇಣದಬತ್ತಿಯನ್ನಾಗಲಿ ಇಡಬಾರದು. ಬಿಸಿಯಾಗದ ಚಿಕ್ಕ ಎಲ್‌ಇಡಿ ಬಲ್ಬು ಸಾಕು, ವೈರು ಎಳೆಯುವ ಕೆಲಸ ದೊಡ್ಡವರದು. ಕಾಗದದ ಹಣತೆಗಳನ್ನು ನಿಜವಾದ ಹಣತೆಗಳ ಸಾಲಿನ ಹತ್ತಿರ, ಪಟಾಕಿ ಸುಡುವ ಜಾಗದ ಹತ್ತಿರ ಇಡದಂತೆಯೂ ನೋಡಿಕೊಳ್ಳಿ.

ಶಾಲೆಯಲ್ಲಿ ಮಾಡುವವರಿಗೆ

ನಲಿ-ಕಲಿ ತರಗತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಎಲ್ಲರಿಗೂ ಒಂದೇ ಕೆಲಸ ಕೊಟ್ಟರೆ ಚಿಕ್ಕವರು ಕತ್ತರಿಯೊಡನೆ ಗುದ್ದಾಡುತ್ತಾರೆ, ದೊಡ್ಡವರು ಬೇಗ ಮುಗಿಸಿ ಬೇಸರಪಡುತ್ತಾರೆ. ಒಂದನೆಯವರು ಒಂದು ಮಡಿಕೆಯ ಹಣತೆ ಮಾಡಲಿ, ಎರಡನೆಯವರು ಎರಡು ಮಡಿಕೆಯ ನಾಲ್ಕು ದಳದ ಹೂವು ಮಾಡಲಿ, ಮೂರನೆಯವರು ಪದ್ಮ ಮಾಡಲಿ. ಆಮೇಲೆ ಕಾಗದಗಳನ್ನು ಬಿಚ್ಚದೆ ಅದಲುಬದಲು ಮಾಡಿ, ಒಬ್ಬರು ಕತ್ತರಿಸಿದ್ದನ್ನು ಇನ್ನೊಬ್ಬರು ಊಹಿಸುವಂತೆ ಮಾಡಿದರೆ ಮೂರೂ ತರಗತಿಗಳಿಗೆ ಒಂದೇ ಆಟದಲ್ಲಿ ಪಾಲು ಸಿಗುತ್ತದೆ. ಕತ್ತರಿಗಳು ಕಡಿಮೆ ಇದ್ದರೆ ಇಬ್ಬರಿಗೆ ಒಂದು ಕೊಡಿ: ಒಬ್ಬರು ಕತ್ತರಿಸುವಾಗ ಇನ್ನೊಬ್ಬರು ತಮ್ಮ ಊಹೆಯ ಚಿತ್ರ ಬರೆಯುತ್ತಿರುತ್ತಾರೆ. ಊಹೆಯ ಚಿತ್ರಗಳಿಗೆ ಅಂಕ ಹಾಕಬೇಡಿ. ತಪ್ಪು ಊಹೆಗೆ ಕೆಂಪು ಗುರುತು ಬಿದ್ದರೆ ಮರುದಿನದಿಂದ ಮಕ್ಕಳು ಮೊದಲು ಕದ್ದು ಬಿಚ್ಚಿ ನೋಡಿ, ಆಮೇಲೆ “ಊಹಿಸಲು” ಆರಂಭಿಸುತ್ತಾರೆ.

ಕತ್ತರಿಸಿ ಉಳಿದ ಚೂರುಗಳನ್ನು ಕಸಕ್ಕೆ ಹಾಕುವ ಮೊದಲು ಒಂದು ತಟ್ಟೆಯಲ್ಲಿ ಕೂಡಿಸಿಡಿ. ಮಡಿಕೆಯ ಅಂಚಿನಿಂದ ಬಿದ್ದ ಅರ್ಧ ಎಲೆಗಳನ್ನು ಬಿಚ್ಚಿದರೆ ಪೂರ್ಣ ಎಲೆಗಳಾಗುತ್ತವೆ, ಬಿಡಿ ಅಂಚಿನಿಂದ ಬಿದ್ದವು ಬಿಚ್ಚಿಕೊಳ್ಳುವುದೇ ಇಲ್ಲ. ಯಾವುದು ಎಲ್ಲಿಂದ ಬಿದ್ದದ್ದು ಎಂದು ಮಕ್ಕಳು ಬೇರ್ಪಡಿಸಲಿ. ಬಿಚ್ಚಿಕೊಂಡವನ್ನು ದಾರಕ್ಕೆ ಅಂಟಿಸಿ ಬಾಗಿಲಿಗೆ ತೋರಣ ಕಟ್ಟಬಹುದು.